ಕೋಳಿಮನೆಯ ಹವೆ

ಪರಊರಿನ ಒಲೆಯ ಮುಂದೆ ಹತ್ತಾರು ವರ್ಷ ದುಡಿದು ನಾಲ್ಕು ಕಾಸು ಕೂಡಿಸಿದ ನಮ್ಮ ಬಂಧುಗಳಿಗೆ ಊರಿನಿಂದ ಬರುವ ಸಲಹೆಗಳಲ್ಲಿ ಒಂದು, “ಅಣ್ಣಾ, ಒಂದು ಕೋಳಿ ಶೆಡ್ಡು ಕಟ್ಟೋಣವೇ?” ಎಂಬುದು. ಆರು ವಾರಗಳಲ್ಲಿ ಫಲ ಕೈಸೇರುವ ಕಸುಬೆಂಬ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಉಳಿದರ್ಧವನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಹುಟ್ಟಿದ ದಿನ ಸುಮಾರು ೪೦ ಗ್ರಾಂ ತೂಗುವ ಬ್ರಾಯ್ಲರ್ ಮರಿ ೩೫–೪೨ ದಿನಗಳಲ್ಲಿ ೨ ಕಿಲೋಗ್ರಾಂ ಮೀರುತ್ತದೆ. ಇಂತಹ ಬೆಳವಣಿಗೆಯಿಂದ ಅದರ ದೇಹದಲ್ಲಿ ಶಾಖವೂ ವಿಪುಲವಾಗಿ ಹುಟ್ಟುತ್ತದೆ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ನಡುಹಗಲು ನಿಂತವರಿಗೆ ಶಾಖದ ಬಾಧೆಯನ್ನು ನಾವು ವಿವರಿಸಬೇಕಾಗಿಲ್ಲ. ಆದರೆ ನಮಗೆ ಬೆವರಾದರೂ ಇದೆ. ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಅದರ ಮೈಯ ಸಹಜ ಉಷ್ಣತೆ ಸುಮಾರು ೪೧ ಡಿಗ್ರಿ ಸೆಲ್ಸಿಯಸ್. ಮೈ ಕಾದಾಗ ಕೊಕ್ಕು ತೆರೆದು ಏದುಸಿರು ಬಿಡುವುದೇ ಅದಕ್ಕಿರುವ ಮುಖ್ಯ ಮಾರ್ಗ. ಗಾಳಿಯಲ್ಲಿ ತೇವ ಹೆಚ್ಚಿದರೆ ಆ ಮಾರ್ಗವೂ ಮುಚ್ಚುತ್ತದೆ. ಆದುದರಿಂದಲೇ ಕರಾವಳಿಯ ಬೇಗೆಯು ಬಯಲುಸೀಮೆಯ ಅಷ್ಟೇ ಡಿಗ್ರಿಯ ಬೇಗೆಗಿಂತ ಅಪಾಯಕರ. ಬೇಸಗೆಯಲ್ಲಿ ಮೊದಲು ಬೀಳುವವು ಬಹುಮಟ್ಟಿಗೆ ಮಾರಾಟಕ್ಕೆ ಸಿದ್ಧವಾದ ದಪ್ಪ ಕೋಳಿಗಳು. ಆರು ವಾರದ ಮೇವು ತಿಂದ ಮೇಲೆ ಸತ್ತ ಕೋಳಿಯ ನಷ್ಟ ಎಷ್ಟೆಂದು ಬೇರೆ ಹೇಳಬೇಕೆ?

ಎಳೆಯ ಮರಿಗಾದರೋ ಕಾವು ಬೇಕು. ಮೊದಲ ವಾರ ೩೨–೩೪ ಡಿಗ್ರಿ. ಆಮೇಲೆ ವಾರಕ್ಕೆ ಸುಮಾರು ೩ ಡಿಗ್ರಿಯಂತೆ ಇಳಿಸಬೇಕು. ಮರಿಗಳು ದೀಪದ ಕೆಳಗೆ ಒತ್ತೊತ್ತಾಗಿ ಸೇರಿದರೆ ಚಳಿ. ದೂರ ಸರಿದು ಕೊಕ್ಕು ತೆರೆದರೆ ಸೆಕೆ. ಸಮನಾಗಿ ಹರಡಿದ್ದರೆ ಕಾವು ಹದವಾಗಿದೆ ಎಂದರ್ಥ.

ಮಳೆಗಾಲದ ಶತ್ರುವೇ ಬೇರೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾದೊಡನೆ ಹಿಕ್ಕೆ ಕೊಳೆತು ಅಮೋನಿಯ ಏಳುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ೨೫ ಪಾಲು ಮೀರಿದರೆ ಕಣ್ಣು ಉರಿಯುತ್ತದೆ, ಶ್ವಾಸನಾಳದ ಒಳಪೊರೆ ಕೆಡುತ್ತದೆ, ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ. ರಕ್ತಭೇದಿ ತರುವ ಕಾಕ್ಸಿಡಿಯ ಕ್ರಿಮಿಗೂ ಒದ್ದೆ ಹಾಸು ಅಚ್ಚುಮೆಚ್ಚು. ಚಳಿಗೆ ಹೆದರಿ ಗೋಣಿ ಪರದೆಗಳನ್ನು ಪೂರ್ತಿ ಇಳಿಬಿಡುವುದು ಸಾಮಾನ್ಯವಾದ ತಪ್ಪು. ಇದರಿಂದ ಕಾವಿನೊಡನೆ ವಿಷವಾಯುವೂ ಒಳಗುಳಿಯುತ್ತದೆ. ಮೇಲ್ಭಾಗದಲ್ಲಿ ಗಾಳಿಗೆ ಸಂದು ಇರಲೇಬೇಕು.

ಪರಿಹಾರಗಳು ದುಬಾರಿಯಲ್ಲ. ಶೆಡ್ಡಿನ ಉದ್ದ ಪೂರ್ವ–ಪಶ್ಚಿಮವಾಗಿರಲಿ. ಬಿಸಿಲು ನೇರವಾಗಿ ಒಳಹೊಗುವುದು ಕಡಿಮೆಯಾಗುತ್ತದೆ. ಕೋಳಿಯೊಂದಕ್ಕೆ ಸುಮಾರು ಒಂದು ಚದರಡಿ ಸ್ಥಳವಿರಲಿ, ಬೇಸಗೆಯಲ್ಲಿ ಇನ್ನಷ್ಟು. ಮೇವು ಜೀರ್ಣವಾಗುವಾಗಲೂ ಶಾಖ ಹುಟ್ಟುವುದರಿಂದ ಸುಡುಬಿಸಿಲಿನ ಹೊತ್ತು ಮೇವು ನಿಲ್ಲಿಸಿ, ಮುಂಜಾನೆ ಮತ್ತು ರಾತ್ರಿ ಕೊಡುವುದು ಲೇಸು. ತಣ್ಣೀರು ಮಾತ್ರ ಸದಾ ಇರಬೇಕು.

ಮರಿ, ಮೇವು, ಔಷಧಗಳನ್ನು ಕಂಪನಿಯೇ ಒದಗಿಸುವ ಕರಾರಿನ ಪದ್ಧತಿ ಇಂದು ಹಲವೆಡೆ ಇದೆ. ಅಲ್ಲಿಯೂ ಶೆಡ್ಡು ರೈತನದು, ದುಡಿಮೆ ರೈತನದು. ಹವೆಯ ಹೊಣೆಯೂ ಅವನದೇ. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಕೋಳಿ ಸಾಕಣೆಯ ತರಬೇತಿ ನೀಡುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಹಣ ಕಳುಹಿಸುವ ಮುನ್ನ ತಮ್ಮನನ್ನು ಅಲ್ಲಿಗೆ ಕಳುಹಿಸಿರೆಂಬುದು ನಮ್ಮ ಬಿನ್ನಹ. ಬೆವರು ಸುರಿಸಿ ಗಳಿಸಿದ ಹಣವು ಬೆವರಲಾರದ ಜೀವಿಯೊಡನೆ ಒಂದೇ ಮಧ್ಯಾಹ್ನದಲ್ಲಿ ಹೋಗಬಾರದು.