ಆರನೇ ವಾರದ ರಾತ್ರಿಗಳು

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಅಡಿಕೆ ತೋಟದ ನಡುವೆ ಒಂದು ಮನೆಯಿದ್ದರೆ ಗುಡ್ಡದಾಚೆ ಇನ್ನೊಂದು. ಅಂಥ ಮನೆಯಲ್ಲಿ ಒಂದೂವರೆ ತಿಂಗಳ ಕೂಸು ದೀಪ ಹಚ್ಚುವ ಹೊತ್ತಿಗೆ ಅಳಲು ಶುರುಮಾಡಿ ನಡುರಾತ್ರಿಯವರೆಗೂ ನಿಲ್ಲಿಸದಿದ್ದರೆ ತಾಯಿಯ ಕೈಕಾಲು ಸೋಲುತ್ತದೆ. ಕೂಸಿನ ಮುಖ ಕೆಂಪಾಗಿರುತ್ತದೆ, ಮುಷ್ಟಿ ಬಿಗಿದಿರುತ್ತದೆ, ಕಾಲು ಹೊಟ್ಟೆಗೆ ಮಡಚಿರುತ್ತದೆ. ‘ವಾಯು ತುಂಬಿದೆ’ ಎಂದು ಹಿರಿಯರು ಹೊಕ್ಕುಳ ಸುತ್ತ ಇಂಗು ಹಚ್ಚುತ್ತಾರೆ, ಬಜೆ ತೇಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ದೃಷ್ಟಿ ತೆಗೆಯುತ್ತಾರೆ.

ಈ ಅಳುವಿಗೆ ಅದರದ್ದೇ ಲೆಕ್ಕವಿದೆ. ಹುಟ್ಟಿದ ಎರಡನೇ ವಾರದಿಂದ ಏರುತ್ತಾ ಹೋಗಿ, ಆರನೇ ವಾರದ ಸುಮಾರಿಗೆ ತಾರಕಕ್ಕೇರಿ, ಮೂರು–ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ದಿನಕ್ಕೆ ಮೂರು ಗಂಟೆಗೂ ಹೆಚ್ಚು, ವಾರಕ್ಕೆ ಮೂರು ದಿನಕ್ಕೂ ಹೆಚ್ಚು ಅತ್ತರೆ ಅದನ್ನು ಕಾಲಿಕ್ ಎನ್ನಬಹುದೆಂದು ಅಮೆರಿಕದ ವೈದ್ಯ ಮಾರಿಸ್ ವೆಸೆಲ್ ಮತ್ತು ಸಂಗಡಿಗರು 1954ರಲ್ಲೇ ಬರೆದಿಟ್ಟರು. ಎಷ್ಟೋ ಸಲ ಗಾಳಿಯಿಂದ ಅಳು ಬರುವುದಲ್ಲ. ಅತ್ತಷ್ಟೂ ಕೂಸು ಗಾಳಿ ನುಂಗುತ್ತದೆ.

ನನ್ನನ್ನು ಕಾಡುವುದು ಬೇರೆಯೇ ವಿಷಯ. ಬಾಣಂತನಕ್ಕೆ ಬಂದ ಹೆಂಗಸು ನಲುವತ್ತು ದಿನ ಕಳೆದ ಮೇಲೆ ಹೊರಡುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಮನೆಗೆ ಬರುವ ದಿನಗಳು 3, 7, 14, 21, 28 ಮತ್ತು 42. ಅದರ ನಂತರದ ನಿಗದಿತ ಭೇಟಿ ಮೂರನೇ ತಿಂಗಳಿಗೆ. ಅಂದರೆ ಕೂಸು ಅತಿ ಹೆಚ್ಚು ಅಳುವ ಹೊತ್ತಿಗೇ ತಾಯಿಯ ಸುತ್ತ ಇದ್ದ ಕೈಗಳೆಲ್ಲ ಸರಿಯುತ್ತವೆ. ಆ ನಡುವಿನ ವಾರಗಳಲ್ಲಿ ರಾತ್ರಿಯ ಅರ್ಧ ಪಾಳಿ ಅಪ್ಪನದ್ದಾಗಬೇಕು, ಅಜ್ಜನದ್ದಾದರೂ ಆಗಬೇಕು. ಹಾಲುಣಿಸುವುದೊಂದು ಬಿಟ್ಟರೆ ಮಿಕ್ಕದ್ದೆಲ್ಲ ಯಾರು ಬೇಕಾದರೂ ಮಾಡುವಂಥದ್ದೇ.

ಮೊದಲು ಹಾಲು ಕುಡಿಯುವ ರೀತಿ ನೋಡಬೇಕು. ತೊಟ್ಟಿನ ತುದಿಯಷ್ಟೇ ಬಾಯಲ್ಲಿದ್ದರೆ ‘ಚಪ್ ಚಪ್’ ಸದ್ದಿನೊಂದಿಗೆ ಗಾಳಿಯೂ ಒಳಗೆ ಹೋಗುತ್ತದೆ. ಸುತ್ತಲಿನ ಕಪ್ಪು ಭಾಗವೂ ಬಾಯೊಳಗಿರಬೇಕು, ಕೂಸಿನ ಗದ್ದ ಎದೆಗೆ ತಾಗಿರಬೇಕು. ಕುಡಿದ ಮೇಲೆ ಹತ್ತು–ಹದಿನೈದು ನಿಮಿಷ ಭುಜಕ್ಕೆ ಒರಗಿಸಿ ನೆಟ್ಟಗೆ ಎತ್ತಿಕೊಂಡು, ಅಂಗೈಯಿಂದ ಬೆನ್ನನ್ನು ಮೆಲ್ಲಗೆ ಸವರಬೇಕು. ತೇಗು ಬಂದರೆ ಒಳ್ಳೆಯದು. ಬಾರದಿದ್ದರೆ ಬಡಿದು ಬಡಿದು ನಿದ್ದೆ ಕೆಡಿಸಬೇಡಿ. ಚಂಡೀಗಢದಲ್ಲಿ 71 ತಾಯಿ–ಮಗು ಜೋಡಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೇಗು ತೆಗೆಸಿದ್ದರಿಂದ ಕಾಲಿಕ್ ಕಡಿಮೆಯಾಗಲಿಲ್ಲ, ಹಾಲು ಕಕ್ಕುವುದು ಮಾತ್ರ ಹೆಚ್ಚಿತ್ತು. ರಾತ್ರಿ ಹಾಲು ಕೊಡುವಾಗ ಸಣ್ಣ ದೀಪ ಸಾಕು, ಮಾತುಕತೆ ಬೇಡ. ಹಗಲು–ರಾತ್ರಿಯ ಗೊತ್ತು ಕೂಸಿಗೆ ಹತ್ತುವುದೇ ಎರಡು–ಮೂರು ತಿಂಗಳಾದ ಮೇಲೆ.

ಮಳೆಗಾಲದ ಮುಂಚೆ ಹಲಸು ಹಣ್ಣಾದಾಗ ಬಾಣಂತಿಯ ತಟ್ಟೆಯಿಂದ ಅದನ್ನು ದೂರ ಇಡುವವರಿದ್ದಾರೆ. ತಾಯಿಯ ಹೊಟ್ಟೆಯ ವಾಯು ಹಾಲಿಗಿಳಿಯುವುದಿಲ್ಲ. ಬರೀ ಗಂಜಿ ಕೊಟ್ಟು ಆಕೆಯನ್ನು ಸೊರಗಿಸುವುದು ನನಗೆ ಸರಿಕಾಣುವುದಿಲ್ಲ.

ಬಜೆಯ ವಿಷಯದಲ್ಲಿ ಹಿರಿಯರ ಮೇಲಿನ ಗೌರವ ಇಟ್ಟುಕೊಂಡೇ ಬೇಡ ಎನ್ನುತ್ತೇನೆ. ಅದರಲ್ಲಿರುವ ಬೀಟಾ–ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಜೇನನ್ನು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರ್‌ನಲ್ಲಿ ಆಗ ಮದ್ಯಸಾರವೂ ಇತ್ತು. ಈಗ ಅದಿಲ್ಲದಿದ್ದರೂ ಆರು ತಿಂಗಳವರೆಗೆ ಕೂಸಿಗೆ ಎದೆಹಾಲು ಬಿಟ್ಟು, ವೈದ್ಯರು ಹೇಳದ ಯಾವುದೂ ಬೇಕಿಲ್ಲ. ಮಲಗಿಸುವಾಗ ಅಂಗಾತವೇ ಮಲಗಿಸಿ. ವಾಯು ಇಳಿಯಲೆಂದು ಬೋರಲು ಮಲಗಿಸಿ ನಿದ್ದೆಗೆ ಬಿಡುವುದು ಪ್ರಾಣಕ್ಕೇ ಅಪಾಯ. ಬೋರಲಾಟ ಹಗಲು ಎಚ್ಚರವಿದ್ದಾಗ, ಕಣ್ಣೆದುರಿಗಿರಲಿ.

ಎಲ್ಲ ಅಳುವೂ ಕಾಲಿಕ್ ಅಲ್ಲ. ಹಸಿರು ವಾಂತಿ, ಮಲದಲ್ಲಿ ರಕ್ತ, ಕಲ್ಲಿನಂತೆ ಬಿಗಿದ ಹೊಟ್ಟೆ, ಹಾಲೇ ಬೇಡವೆನ್ನುವುದು, 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ — ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ.