ಕಾಲುವೆಯ ಕದ ಮುಚ್ಚಿದಾಗ

ನಾಲೆಯೆಂದೊಡನೆ ನಮ್ಮ ಸೀಮೆಯವರ ಕಣ್ಣಿಗೆ ಕಟ್ಟುವುದು ಗದ್ದೆಯ ನೀರು. ಕನ್ನಂಬಾಡಿಯಿಂದ ಮಂಡ್ಯದ ಕಡೆಗೆ ಹರಿಯುವ ವಿಶ್ವೇಶ್ವರಯ್ಯ ನಾಲೆಯನ್ನು ದುರಸ್ತಿಗಾಗಿ ನಿಲ್ಲಿಸಿದರೆಂಬ ಸುದ್ದಿ ಬಂದರೆ ಚಿಂತೆಗೀಡಾಗುವವನು ರೈತನು. ಆ ನೀರಿನ ಮೇಲೆಯೇ ಮನೆಮಾಡಿಕೊಂಡಿರುವವರು ನಮ್ಮಲ್ಲಿಲ್ಲ. ಇಂಗ್ಲೆಂಡಿನ ಸಂಗತಿ ಬೇರೆ. ಅಲ್ಲಿನ ಕಾಲುವೆಗಳನ್ನು ಅಗೆದದ್ದು ಹೊಲಕ್ಕೆ ನೀರುಣಿಸಲೆಂದಲ್ಲ. ಕಲ್ಲಿದ್ದಲು, ಮರ, ಧಾನ್ಯಗಳನ್ನು ದೋಣಿಗಳಲ್ಲಿ ಸಾಗಿಸುವುದಕ್ಕಾಗಿ, ಬಹುಮಟ್ಟಿಗೆ ರೈಲುದಾರಿಗಳು ಹಬ್ಬುವುದಕ್ಕೆ ಮೊದಲೇ, ಅವನ್ನು ತೋಡಿದರು. ಆ ವ್ಯಾಪಾರವು ಈಗ ಹೆಚ್ಚುಕಡಿಮೆ ಅಳಿದುಹೋಗಿದೆ. ದೋಣಿಗಳು ಮಾತ್ರ ಉಳಿದಿವೆ. ಲಂಡನ್, ಬರ್ಮಿಂಗ್‌ಹ್ಯಾಮ್, ಲೀಡ್ಸ್ ಮೊದಲಾದ ಮಹಾನಗರಗಳ ನಟ್ಟನಡುವೆ ಅವುಗಳಲ್ಲಿ ಸಂಸಾರಗಳು ನಡೆಯುತ್ತಿವೆ. ಇಂತಹ ಕಾಲುವೆಯ ದಡದಲ್ಲಿ ‘ಸುರಕ್ಷತೆಗಾಗಿ ಮುಚ್ಚಿದೆ’ ಎಂಬ ಫಲಕವನ್ನು ನಿಲ್ಲಿಸಿದರೆ, ಮುಚ್ಚಿದ್ದು ದಾರಿಯೊಂದೇ ಅಲ್ಲ. ಆ ಮನೆಗಳ ಕುಡಿಯುವ ನೀರು, ಸೌದೆ, ಶೌಚ, ಮಕ್ಕಳ ಶಾಲೆ ಎಲ್ಲವೂ ಆ ಫಲಕಕ್ಕೆ ತಗಲಿಕೊಂಡಿರುತ್ತವೆ.

ಲಂಡನ್ನಿನ ರೀಜೆಂಟ್ಸ್ ಕಾಲುವೆಯನ್ನೇ ತೆಗೆದುಕೊಳ್ಳೋಣ. ಪಶ್ಚಿಮದ ಪ್ಯಾಡಿಂಗ್ಟನ್ನಿನಿಂದ ಹೊರಟು, ಕ್ಯಾಮ್ಡೆನ್, ಇಸ್ಲಿಂಗ್ಟನ್‌ಗಳ ಮೂಲಕ ಪೂರ್ವಕ್ಕೆ ಸಾಗಿ, ಲೈಮ್‌ಹೌಸಿನಲ್ಲಿ ಥೇಮ್ಸ್ ನದಿಯನ್ನು ಸೇರುವ ಈ ಕಾಲುವೆಯು ಎಂಟೂವರೆ ಮೈಲಿಗಳಷ್ಟು ಉದ್ದವಾಗಿದೆ. ೧೮೧೬ರಲ್ಲಿ ಮೊದಲ ಭಾಗವೂ ೧೮೨೦ರಲ್ಲಿ ಉಳಿದ ಭಾಗವೂ ತೆರೆದವು. ಇಲ್ಲಿ ಬೃಹತ್ತಾದ ಅಗಲದೋಣಿಗಳೂ ಇವೆ. ಆದರೆ ಇಂಗ್ಲೆಂಡಿನ ಕಾಲುವೆಗಳಿಗೇ ವಿಶಿಷ್ಟವಾದುದು ‘ನ್ಯಾರೋಬೋಟು’, ಎಂದರೆ ಕಿರುದೋಣಿ. ಅಗಲ ಏಳು ಅಡಿಗೂ ಒಂದೆರಡಂಗುಲ ಕಡಿಮೆ. ಉದ್ದ ಎಪ್ಪತ್ತು ಅಡಿಯವರೆಗೂ ಇರಬಹುದು. ನಮ್ಮ ಹಳೆಯ ಮನೆಗಳ ಹಜಾರವೊಂದನ್ನು ಉದ್ದುದ್ದಕ್ಕೆ ಸೀಳಿ ನೀರಿನ ಮೇಲೆ ತೇಲಿಬಿಟ್ಟಂತೆ. ಒಂದು ತುದಿಯಲ್ಲಿ ಒಲೆ, ಮಧ್ಯೆ ಅಡಿಗೆಯ ಜಾಗ, ಆಚೆಗೆ ಸ್ನಾನದ ಗೂಡು, ಮತ್ತೊಂದು ತುದಿಯಲ್ಲಿ ಮಂಚ. ಎದುರಿನಿಂದ ಬಂದವರಿಗೆ ದಾರಿ ಬಿಡಬೇಕಾದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಮಾಡಿನ ಮೇಲೆ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಹುಟ್ಟಿಸುವ ಫಲಕಗಳು, ಹೂವಿನ ಕುಂಡಗಳು, ಕಲ್ಲಿದ್ದಲಿನ ಮೂಟೆಗಳು.

ನಮ್ಮ ಧರ್ಮಸೂತ್ರಕಾರರು ಗೃಹಸ್ಥರನ್ನು ವಿಭಾಗಿಸುವಾಗ, ಶಾಲೆಯಲ್ಲಿ, ಎಂದರೆ ಕಟ್ಟಿದ ಮನೆಯಲ್ಲಿ, ನೆಲೆನಿಂತವನನ್ನು ‘ಶಾಲೀನ’ನೆಂದೂ ಸಂಚರಿಸುತ್ತ ಬಾಳುವವನನ್ನು ‘ಯಾಯಾವರ’ನೆಂದೂ ಕರೆದಿದ್ದಾರೆ. ಈ ದೋಣಿಯ ಸಂಸಾರಿಗಳಲ್ಲಿಯೂ ಇವೆರಡು ಪಂಗಡಗಳುಂಟು. ಬಾಡಿಗೆ ಕೊಟ್ಟು ದಡದಲ್ಲಿ ಒಂದು ಕಟ್ಟುಗೂಟವನ್ನು ತಮ್ಮದಾಗಿಸಿಕೊಂಡವರು ಮೊದಲನೆಯವರು. ಲಂಡನ್ನಿನಲ್ಲಿ ಅಂತಹ ಸ್ಥಳಗಳು ವಿರಳ, ಬಾಡಿಗೆಯೂ ಹೆಚ್ಚು. ಆದುದರಿಂದ ಸ್ಥಿರವಾದ ತಂಗುದಾಣವಿಲ್ಲದವರೇ ಬಹಳ. ಇವರ ಬಾಳನ್ನು ಆಳುವುದು ೧೯೯೫ರ ಬ್ರಿಟಿಷ್ ಜಲಮಾರ್ಗಗಳ ಶಾಸನ. ಅದರ ಪ್ರಕಾರ ಇವರು ನಿಜವಾಗಿಯೂ ಸಂಚರಿಸುತ್ತಿರತಕ್ಕದ್ದು. ಒಂದೇ ಕಡೆಯಲ್ಲಿ ಸತತವಾಗಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಕೂಡದು. ಸಂದರ್ಭಾನುಸಾರವಾಗಿ ಯುಕ್ತವೆಂದು ತೋರಿದಲ್ಲಿ ಮಾತ್ರ ಹೆಚ್ಚಿನ ಅವಧಿಗೆ ಅವಕಾಶವುಂಟು.

ಹೀಗಾಗಿ ಈ ಗೃಹಿಣಿಯರ ಪಂಚಾಂಗವೇ ಬೇರೆ. ಹದಿನಾಲ್ಕು ದಿನಗಳೊಳಗೆ ಎಲ್ಲಿಗೆ ಹೋಗಬೇಕು? ಅಲ್ಲಿಗೆ ನೀರಿನ ನಲ್ಲಿ ಎಷ್ಟು ದೂರ? ದೋಣಿಯ ತೊಟ್ಟಿಯಲ್ಲಿ ಹಿಡಿಯುವುದು ಕೆಲವು ನೂರು ಲೀಟರು. ಸ್ನಾನಕ್ಕೂ ಬಟ್ಟೆಗೂ ಅದೇ. ಶೌಚದ ಡಬ್ಬಿಯನ್ನು ಖಾಲಿಮಾಡುವ ಕಟ್ಟೆ ಎಲ್ಲೆಂದರಲ್ಲಿ ಇರುವುದಿಲ್ಲ. ಕಲ್ಲಿದ್ದಲು, ಅನಿಲದ ಸಿಲಿಂಡರು, ಡೀಸೆಲ್ ಎಣ್ಣೆ ಇವುಗಳನ್ನು ಹೊತ್ತು ಮಾರುತ್ತ ಬರುವ ಇಂಧನದ ದೋಣಿಯೊಂದು ಇವರಿಗೆ ನಮ್ಮೂರಿನ ಸಂತೆಯಿದ್ದಂತೆ. ಇವೆಲ್ಲ ಕೂಡಿಬರಬೇಕಾದರೆ ದಾರಿ ತೆರೆದಿರಬೇಕು. ದಾರಿ ತೆರೆದಿರಬೇಕಾದರೆ ಲಾಕುಗಳು ಕೆಲಸ ಮಾಡಬೇಕು.

ಲಾಕು ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನೀರು ಇಳಿಜಾರಿನಲ್ಲಿ ನಿಲ್ಲದು; ಆದುದರಿಂದ ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಮೆಟ್ಟಿಲಿಗೊಂದರಂತೆ ಕಲ್ಲಿನ ಅಥವಾ ಇಟ್ಟಿಗೆಯ ಕೋಣೆಯನ್ನು ನಿರ್ಮಿಸಿರುವರು. ಕೋಣೆಗೆ ಮೇಲೊಂದು, ಕೆಳಗೊಂದು ಕದ. ಮೇಲಿನ ತೂಬನ್ನೆತ್ತಿದರೆ ಕೋಣೆ ತುಂಬಿ ದೋಣಿ ಏರುವುದು; ಕೆಳಗಿನ ತೂಬನ್ನೆತ್ತಿದರೆ ಬರಿದಾಗಿ ದೋಣಿ ಇಳಿಯುವುದು. ರೀಜೆಂಟ್ಸ್ ಕಾಲುವೆಯಲ್ಲಿ ಇಂತಹ ಹನ್ನೆರಡು ಲಾಕುಗಳಿದ್ದು, ಕ್ಯಾಮ್ಡೆನ್ನಿನಿಂದ ಥೇಮ್ಸ್‌ವರೆಗೆ ಸುಮಾರು ೮೬ ಅಡಿಗಳಷ್ಟು ದೋಣಿಯನ್ನು ಇಳಿಸುತ್ತವೆ. ಈ ತೂಬುಗಳನ್ನೆತ್ತಲು ಸಾಮಾನ್ಯವಾಗಿ ಸರಕಾರದ ಆಳುಗಳಿರುವುದಿಲ್ಲ. ದೋಣಿಯವರೇ ವಿಂಡ್ಲಾಸ್ ಎಂಬ ಕಬ್ಬಿಣದ ಹಿಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ತಿರುಗಿಸುವರು. ಉದ್ದವಾದ ಮರದ ತೊಲೆಗೆ ಬೆನ್ನುಕೊಟ್ಟು ಕದವನ್ನು ನೂಕುವರು.

ಅಪಾಯವಿರುವುದೂ ಇಲ್ಲಿಯೇ. ಮೇಲಿನ ಕದದ ಅಡಿಯಲ್ಲಿ, ಕೋಣೆಯೊಳಕ್ಕೆ ಚಾಚಿಕೊಂಡಿರುವ ಒಂದು ಕಲ್ಲಿನ ಹೊಸ್ತಿಲಿದೆ. ಕೋಣೆ ತುಂಬಿರುವಾಗ ಅದು ಕಣ್ಣಿಗೆ ಬೀಳದು. ಇಳಿಯುತ್ತಿರುವ ದೋಣಿಯ ಹಿಂಭಾಗವು ಅದರ ಮೇಲೆ ಕುಳಿತುಬಿಟ್ಟರೆ, ನೀರು ಕೆಳಗೆ ಸರಿದಂತೆಲ್ಲ ಮೂತಿ ತಗ್ಗಿ, ಹಿಂಭಾಗ ಮೇಲೆಯೇ ತಗುಲಿಕೊಂಡು, ನಿಮಿಷಗಳಲ್ಲಿ ದೋಣಿಯು ನೀರು ಕುಡಿದು ಮುಳುಗುವುದು. ಹೊಸ್ತಿಲಿನ ಎಲ್ಲೆಯನ್ನು ತೋರಿಸಲು ಗೋಡೆಯ ಮೇಲೆ ಬಿಳಿಯ ಗೆರೆಯನ್ನೆಳೆದಿರುವರು. ಆ ಗೆರೆಯನ್ನು ಬಿಟ್ಟು ಮುಂದೆ ನಿಲ್ಲಿಸುವುದು ಇಲ್ಲಿ ಮಕ್ಕಳಿಗೂ ಗೊತ್ತಿರಬೇಕಾದ ಮೊದಲ ಪಾಠ.

ಇಂತಹ ಲಾಕಿನ ಕದ ಸಾಮಾನ್ಯವಾಗಿ ಓಕ್ ಮರದ್ದು. ಇಪ್ಪತ್ತೈದು ವರ್ಷಗಳ ಸುಮಾರಿಗೆ ಅದರ ಆಯುಸ್ಸು ತೀರುತ್ತದೆ. ೨೦೧೨ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಎರಡು ಸಾವಿರ ಮೈಲಿಗಳಷ್ಟು ಜಲಮಾರ್ಗವನ್ನು ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಸಂಸ್ಥೆಯು ನವೆಂಬರಿನಿಂದ ಮಾರ್ಚಿಯವರೆಗೆ, ವಿಹಾರದ ದೋಣಿಗಳು ಕಡಿಮೆಯಾಗಿರುವ ಚಳಿಗಾಲದಲ್ಲಿ, ಈ ಕೆಲಸಕ್ಕೆ ಕೈಹಾಕುವುದು. ಲಾಕಿನ ಎರಡು ಕಡೆಯೂ ಕಲ್ಲಿನಲ್ಲಿ ಕೊರೆದ ಗಾಡಿಗಳುಂಟು. ಅವುಗಳಲ್ಲಿ ಒಂದರಮೇಲೊಂದರಂತೆ ತಡೆಹಲಗೆಗಳನ್ನಿಳಿಸಿ, ನಡುವಿನ ಮೀನುಗಳನ್ನು ಹಿಡಿದು ಬೇರೆಡೆಗೆ ಬಿಟ್ಟು, ನೀರನ್ನು ಹೊರಗೆ ಹಾಕಿ, ಹಳೆಯ ಕದವನ್ನು ಯಂತ್ರದಿಂದೆತ್ತಿ ಹೊಸದನ್ನು ಕೂರಿಸುವರು. ಕೆಲವು ಕಡೆ ಬರಿದಾದ ಕೋಣೆಯೊಳಕ್ಕೆ ಊರಿನವರನ್ನು ಇಳಿಸಿ ತೋರಿಸುವ ಪದ್ಧತಿಯೂ ಇದೆ. ಇನ್ನೂರು ವರ್ಷಗಳ ಕೆಲಸವನ್ನು ತಳದಿಂದ ತಲೆಯೆತ್ತಿ ನೋಡುವ ಸಂದರ್ಭ ದಿನವೂ ದೊರೆಯತಕ್ಕದ್ದಲ್ಲ.

ಹೀಗೆ ಮುಚ್ಚುವುದರಿಂದ ದೋಣಿಗೂ ರಕ್ಷಣೆ, ದಡದ ಊರಿಗೂ ರಕ್ಷಣೆ. ದೇಹಲೀದೀಪನ್ಯಾಯವೆನ್ನುವರಲ್ಲ, ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವಂತೆ. ಊರಿಗೇನು ಸಂಬಂಧವೆಂದು ಕೇಳುವವರು ಕಿಂಗ್ಸ್‌ಕ್ರಾಸ್ ನಿಲ್ದಾಣದ ಸಮೀಪದಲ್ಲಿ ನೋಡಬೇಕು. ಅಲ್ಲಿ ಕಾಲುವೆ ಮೇಲೆ, ರೈಲಿನ ಸುರಂಗ ಕೆಳಗೆ. ದಡವೊಂದು ಒಡೆದರೆ ನೀರು ಎಲ್ಲಿಗೆ ನುಗ್ಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಮೊದಲೇ ತಿಳಿದ ಮುಚ್ಚುವಿಕೆಯನ್ನು ಸಂಸಾರಿಗಳು ಸಹಿಸಬಲ್ಲರು. ಪಟ್ಟಿಯು ತಿಂಗಳುಗಳ ಮುಂಚೆ ಪ್ರಕಟವಾಗುತ್ತದೆ. ಲಾಕಿನ ಯಾವ ಕಡೆಯಲ್ಲಿ ನಲ್ಲಿಯಿದೆ, ಯಾವ ಕಡೆಯಲ್ಲಿ ಮಗುವಿನ ಶಾಲೆಯಿದೆ, ಇಂಧನದ ದೋಣಿ ಎಲ್ಲಿಯವರೆಗೆ ಬರಬಲ್ಲದು ಎಂದು ಲೆಕ್ಕಹಾಕಿ ತಕ್ಕ ಕಡೆಯಲ್ಲಿ ಸೇರಿಕೊಳ್ಳುವರು. ಸಂಕಟ ಬರುವುದು ಹಠಾತ್ತಾಗಿ ಮುಚ್ಚಿದಾಗ. ೨೦೧೮ರ ಮಾರ್ಚಿಯಲ್ಲಿ ಚೆಷೈರಿನ ಮಿಡಲ್‌ವಿಚ್ ಬಳಿ ಕಾಲುವೆಯ ದಂಡೆ ಕುಸಿದು ಕೆಳಗಿನ ನದಿಗೆ ನೀರು ಧುಮುಕಿತು. ಲಾಕೊಂದರ ತೂಬುಗಳನ್ನು ಯಾರೋ ತೆರೆದೇ ಬಿಟ್ಟದ್ದರಿಂದ ನೀರು ಉಕ್ಕಿ ದಂಡೆಯನ್ನು ಕೊರೆಯಿತೆಂದು ಟ್ರಸ್ಟಿನವರು ತಿಳಿಸಿದರು. ಸುಮಾರು ಇಪ್ಪತ್ತು ದೋಣಿಗಳು ಕೆಸರಿನಲ್ಲಿ ಸಿಕ್ಕಿಕೊಂಡವು. ಕಾಲುವೆ ಪುನಃ ತೆರೆದದ್ದು ಆ ವರ್ಷದ ಡಿಸೆಂಬರಿನಲ್ಲಿ. ಒಂದು ತೂಬಿನ ಅಲಕ್ಷ್ಯಕ್ಕೆ ಒಂಬತ್ತು ತಿಂಗಳು!

ನೀರಿಳಿದ ದೋಣಿಯ ಪಾಡನ್ನು ಊಹಿಸಿಕೊಳ್ಳಿ. ತಳವು ಕೆಸರಿಗೆ ಕೂತು ಮನೆಯೆಲ್ಲ ಓರೆಯಾಗುವುದು. ಪಾತ್ರೆ ಪಡಗಗಳು ಜಾರುವುವು, ಒಲೆಯ ಮೇಲಿನದು ಚೆಲ್ಲುವುದು. ಹಗ್ಗವನ್ನು ಬಿಗಿಯಾಗಿ ಕಟ್ಟಿದ್ದರೆ ದೋಣಿ ದಡಕ್ಕೆ ನೇತುಬೀಳುವುದು. ಅದಕ್ಕಾಗಿಯೇ ಬಲ್ಲವರು ರಾತ್ರಿ ಮಲಗುವಾಗ ಹಗ್ಗವನ್ನು ಕೊಂಚ ಸಡಿಲವಾಗಿ ಬಿಡುವರು.

ಬೇಸಗೆಯ ಮುಚ್ಚುವಿಕೆಗೆ ಕಾರಣ ಬೇರೆ. ಒಂದು ದೋಣಿ ಒಂದು ಕಿರುಲಾಕನ್ನು ದಾಟಿದರೆ ಮೇಲಿನಿಂದ ಕೆಳಕ್ಕೆ ಹೋಗುವ ನೀರು ಒಂದು ಲಕ್ಷ ಲೀಟರಿಗೂ ಮಿಗಿಲು. ಅಷ್ಟನ್ನೂ ಬೆಟ್ಟದ ಮೇಲಿನ ಕೆರೆಗಳು ತುಂಬಿಕೊಡಬೇಕು. ಮಳೆ ಕೈಕೊಟ್ಟ ೨೦೨೨ರಲ್ಲಿಯೂ ೨೦೨೫ರಲ್ಲಿಯೂ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಬಹುದೂರದ ಲಾಕುಗಳಿಗೆ ಬೀಗ ಬಿತ್ತು. ಇದ್ದಷ್ಟು ನೀರನ್ನು ಉಳಿಸುವುದು ದೋಣಿಗಳು ತೇಲಬೇಕೆಂದಷ್ಟೇ ಅಲ್ಲ. ಕಾಲುವೆಯ ತಳಕ್ಕೆ ತುಳಿದು ಹಾಸಿದ ಜೇಡಿಮಣ್ಣು ಒಣಗಿದರೆ ಬಿರಿಯುವುದು, ಬಿರಿದರೆ ಸೋರುವುದು. ಕೆರೆಯ ಏರಿಯನ್ನು ಬಲ್ಲ ನಮ್ಮ ರೈತರಿಗೆ ಈ ಮಾತು ಹೊಸದಲ್ಲ.

ಅಪಾಯವು ದೋಣಿಯ ಒಳಗಿನಿಂದಲೂ ಬರಬಹುದು. ೧೮೭೪ರ ಅಕ್ಟೋಬರ್ ೨ರ ನಸುಕಿನಲ್ಲಿ ರೀಜೆಂಟ್ಸ್ ಪಾರ್ಕಿನ ಅಂಚಿನ ಮ್ಯಾಕ್ಲ್ಸ್‌ಫೀಲ್ಡ್ ಸೇತುವೆಯ ಕೆಳಗೆ ಹೋಗುತ್ತಿದ್ದ ‘ಟಿಲ್‌ಬರಿ’ ಎಂಬ ದೋಣಿ, ಹೊತ್ತಿದ್ದ ಸಿಡಿಮದ್ದಿಗೆ ಕಿಡಿ ತಗುಲಿ ಸಿಡಿಯಿತು. ದೋಣಿಯಲ್ಲಿದ್ದ ಮೂವರು ಸತ್ತರು, ಸೇತುವೆ ನಿರ್ನಾಮವಾಯಿತು. ಮರುವರ್ಷವೇ ಸಿಡಿಮದ್ದುಗಳ ಶಾಸನ ಬಂದಿತು. ಸೇತುವೆಯನ್ನು ಮತ್ತೆ ಕಟ್ಟುವಾಗ ಹಳೆಯ ಕಬ್ಬಿಣದ ಕಂಬಗಳನ್ನೇ ತಿರುಗಿಸಿ ನಿಲ್ಲಿಸಿದರು. ಅದರಿಂದ ಕುದುರೆಯ ಹಗ್ಗಗಳು ಸವೆಸಿದ ಗೆರೆಗಳು ಕಂಬದ ಎರಡು ಮಗ್ಗುಲಲ್ಲಿಯೂ ಕಾಣುತ್ತವೆ.

ಇಂದಿನ ದೋಣಿಯಲ್ಲಿ ಸಿಡಿಮದ್ದಿಲ್ಲ, ಒಲೆಯಿದೆ. ಚಳಿಗೆ ಕಿಟಕಿ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆಯನ್ನು ಬಳಿಯಲ್ಲಿಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋದ ದುರಂತಗಳನ್ನು ನಮ್ಮ ದೇಶದ ಗುಡ್ಡನಾಡುಗಳಲ್ಲಿಯೂ ಕೇಳಿದ್ದೇವೆ. ಬಣ್ಣವೂ ವಾಸನೆಯೂ ಇಲ್ಲದ ಆ ಇಂಗಾಲದ ವಿಷಾನಿಲಕ್ಕೆ ಆರಡಿ ಅಗಲದ ಕೊಠಡಿಯನ್ನು ತುಂಬಲು ಎಷ್ಟು ಹೊತ್ತು ಬೇಕು? ನಾಲ್ಕು ವರ್ಷಕ್ಕೊಮ್ಮೆ ಪ್ರತಿಯೊಂದು ದೋಣಿಯೂ ಸುರಕ್ಷತೆಯ ಪರೀಕ್ಷೆಗೆ ಒಳಪಡಬೇಕೆಂಬ ನಿಯಮಕ್ಕೆ, ಆ ಅನಿಲವನ್ನು ಕಂಡರೆ ಕೂಗುವ ಗಂಟೆಯೊಂದನ್ನು ಇಟ್ಟುಕೊಂಡಿರಬೇಕೆಂಬುದನ್ನು ೨೦೧೯ರ ಏಪ್ರಿಲಿನಿಂದ ಸೇರಿಸಿದ್ದಾರೆ. ಕಾಲುವೆ ಮುಚ್ಚಿ, ದೋಣಿ ವಾರಗಟ್ಟಲೆ ಒಂದೇ ಕಡೆ ನಿಂತು, ಒಲೆ ಹಗಲಿರುಳೂ ಉರಿಯುವ ಜನವರಿಯಲ್ಲಿ ಆ ಗಂಟೆ ಮನೆದೇವರಿಗೆ ಸಮಾನ.

ಉಪಾಧ್ಯಾಯ ವೃತ್ತಿಯಲ್ಲಿ ಬಹುಕಾಲ ಕಳೆದ ನನಗೆ ಹೆಚ್ಚು ಕಾಡುವುದು ಮಕ್ಕಳ ವಿಷಯ. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಿನ ದೋಣಿಯ ಸಣ್ಣ ಕೊಠಡಿಯಲ್ಲಿ ಇಡೀ ಸಂಸಾರ ತುಂಬಿಕೊಂಡಿರುತ್ತಿತ್ತು. ಮಕ್ಕಳು ಕುದುರೆಯ ಹಿಂದೆ ನಡೆಯುತ್ತ ಅಕ್ಷರವನ್ನೇ ಕಾಣದೆ ಬೆಳೆಯುತ್ತಿದ್ದರು. ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬ ಪುಣ್ಯಾತ್ಮನು ಅವರಿಗಾಗಿ ಹೋರಾಡಿದ ಫಲವಾಗಿ ೧೮೭೭ರಲ್ಲಿಯೂ ೧೮೮೪ರಲ್ಲಿಯೂ ಶಾಸನಗಳಾಗಿ, ದೋಣಿಗಳ ನೋಂದಣಿ, ಕೊಠಡಿಯಲ್ಲಿ ಇರಬಹುದಾದ ಜನರ ಸಂಖ್ಯೆ, ಮಕ್ಕಳ ವಿದ್ಯಾಭ್ಯಾಸ ಇವುಗಳಿಗೆ ಕಟ್ಟಳೆ ಬಂದಿತು. ಇಂದಿನ ಮಕ್ಕಳು ಶಾಲೆಗೆ ಹೋಗುತ್ತಾರೆ. ಆದರೆ ಶಾಲೆ ದೋಣಿಯನ್ನು ಹಿಂಬಾಲಿಸಲಾರದು. ಹದಿನೈದು ದಿನಕ್ಕೊಮ್ಮೆ ಮನೆ ಸರಿದಂತೆಲ್ಲ ಮಗುವಿನ ದಾರಿ ಉದ್ದವಾಗುತ್ತದೆ. ಲಾಕು ಹಠಾತ್ತಾಗಿ ಮುಚ್ಚಿ, ದೋಣಿ ಶಾಲೆಯಿಂದ ಬಹುದೂರದಲ್ಲಿಯೇ ಉಳಿದರೆ ತಾಯಿಯು ಬೆಳಗಿನ ಕತ್ತಲಲ್ಲಿಯೇ ಮಗುವನ್ನೆಬ್ಬಿಸಿ ಹೊರಡಬೇಕು.

ದಾರಿ ಮುಚ್ಚಿದ್ದಾಗ ಹದಿನಾಲ್ಕು ದಿನದ ನಿಯಮವನ್ನು ಸಡಿಲಿಸುವುದುಂಟು. ಹಿಮಗಟ್ಟಿದಾಗ, ಕಾಯಿಲೆಯಾದಾಗಲೂ ಹಾಗೆಯೇ. ೨೦೨೦ರ ಮಹಾಮಾರಿಯ ಕಾಲದಲ್ಲಿ ಇದ್ದಲ್ಲಿಯೇ ಇರಿ ಎಂದರು. ಆದರೆ ನಿಲ್ಲಲು ಅನುಮತಿ ದೊರೆತ ಮಾತ್ರಕ್ಕೆ ನಲ್ಲಿ ನಡೆದುಬರುವುದಿಲ್ಲ. ದೋಣಿಯವರ ದೂರು ಸಾಮಾನ್ಯವಾಗಿ ಮುಚ್ಚಿದ್ದರ ಬಗ್ಗೆ ಅಲ್ಲ. ಎಷ್ಟು ದಿನವೆಂದು ಹೇಳದಿರುವುದರ ಬಗ್ಗೆ, ಮುಚ್ಚಿದ ಭಾಗದಲ್ಲಿ ನೀರಿಗೂ ಶೌಚಕ್ಕೂ ಬದಲಿ ಏರ್ಪಾಡು ಸಾಲದಿರುವುದರ ಬಗ್ಗೆ. ಈ ದೂರು ನ್ಯಾಯವೆಂದೇ ನನಗೆ ತೋರುತ್ತದೆ. ಟ್ರಸ್ಟಿನವರಿಗೂ ಅವರ ಕಷ್ಟವಿದೆ. ಸರಕಾರವು ೨೦೨೭ರಿಂದ ತನ್ನ ಸಹಾಯಧನವನ್ನು ವರ್ಷವರ್ಷಕ್ಕೆ ಇಳಿಸುವುದಾಗಿ ೨೦೨೩ರಲ್ಲಿ ಪ್ರಕಟಿಸಿತು. ಸ್ಥಿರವಾದ ತಂಗುದಾಣವಿಲ್ಲದ ದೋಣಿಗಳ ಮೇಲೆ ೨೦೨೪ರ ಏಪ್ರಿಲಿನಿಂದ ಹೆಚ್ಚುವರಿ ಶುಲ್ಕ ಬಿದ್ದಿತು. ನಲ್ಲಿಯೂ ಗೂಟವೂ ಸ್ವಂತಕ್ಕಿಲ್ಲದವನೇ ಹೆಚ್ಚು ತೆರಬೇಕೆಂಬುದು ಯಾವ ತರ್ಕವೆಂದು ಯಾಯಾವರರು ಕೇಳುತ್ತಾರೆ; ಹೆಚ್ಚು ಓಡಾಡುವವನೇ ಲಾಕುಗಳನ್ನು ಹೆಚ್ಚು ಸವೆಸುತ್ತಾನಲ್ಲವೇ ಎಂದು ಶಾಲೀನರಲ್ಲಿ ಕೆಲವರು ಉತ್ತರಿಸುತ್ತಾರೆ. ಕದಗಳು ಮಾತ್ರ ಇವರಿಬ್ಬರ ವಾದ ಮುಗಿಯುವವರೆಗೆ ಕಾಯುವುದಿಲ್ಲ.

ಕೆಲಸ ತೀರಿದ ಮೇಲೆ ತಡೆಹಲಗೆಗಳನ್ನು ಒಮ್ಮೆಗೇ ಕೀಳುವುದಿಲ್ಲ. ನೀರು ರಭಸದಿಂದ ನುಗ್ಗಿದರೆ ಹೊಸ ಕದಕ್ಕೂ ಹಳೆಯ ಗೋಡೆಗೂ ಕೇಡು. ಮೊದಲು ಸ್ವಲ್ಪ ಸ್ವಲ್ಪವಾಗಿ ನೀರನ್ನು ಒಳಕ್ಕೆ ಬಿಟ್ಟು, ಎರಡು ಕಡೆಯ ಮಟ್ಟವೂ ಸಮವಾದ ಬಳಿಕ ಹಲಗೆಗಳನ್ನು ಒಂದೊಂದಾಗಿ ಎತ್ತುವರು. ಅಷ್ಟರಲ್ಲಿ ಎರಡು ಕಡೆಯೂ ದೋಣಿಗಳ ಸಾಲು ನಿಂತಿರುತ್ತದೆ. ಮೊದಲು ದಾಟಿದ ದೋಣಿ ನೇರವಾಗಿ ನಲ್ಲಿಯ ಬಳಿ ನಿಂತು, ತೊಟ್ಟಿಗೆ ರಬ್ಬರಿನ ಕೊಳವೆಯನ್ನು ಸಿಕ್ಕಿಸುತ್ತದೆ. ಹಿಂದಿನವರು ತಮ್ಮ ಸರದಿಗಾಗಿ ಬಟ್ಟೆಯ ಗಂಟುಗಳನ್ನು ಬಿಚ್ಚಿಕೊಂಡು ಕಾದಿರುತ್ತಾರೆ.