ನಿಸ್ತಂತು ಜಾಲದ ಬೀಗದ ಕೈ

ಬೀಗದ ಕೈಯನ್ನು ಒಳಗೇ ಮರೆತು ಬಾಗಿಲೆಳೆದುಕೊಂಡು ಬಂದವರ ಪಾಡು ಎಲ್ಲರಿಗೂ ತಿಳಿದದ್ದೇ. ಒಳಗೆ ದೀಪ ಉರಿಯುತ್ತಿರುತ್ತದೆ, ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ. ಯಜಮಾನನು ಮಾತ್ರ ಬೀದಿಯಲ್ಲಿ! ನಮ್ಮ ಕಾಲೇಜಿನ ನಿಸ್ತಂತು ಜಾಲದ ವಿಷಯದಲ್ಲಿ ನಮಗೂ ಇಂತಹುದೇ ಪಾಡು ಒದಗಿತು. ಅದರಿಂದ ಪಾರಾದ ಬಗೆಯನ್ನು ಹೇಳಿದರೆ, ವೈ-ಫೈ ಎಂದು ನಾವು ದಿನವೂ ಬಳಸುವ ವ್ಯವಸ್ಥೆಯ ಒಳಗುಟ್ಟು ಓದುಗರಿಗೆ ಸ್ವಲ್ಪಮಟ್ಟಿಗೆ ವಿಶದವಾದೀತು.

ಮೊದಲು, ನಿಯಂತ್ರಕವೆಂದರೇನು ಎಂಬುದನ್ನು ನೋಡೋಣ. ವೈ-ಫೈಯಲ್ಲಿ ಹೆಚ್ಚಾಗಿ ಬಳಸುವ ರೇಡಿಯೊ ಅಲೆಗಳು ಸೆಕೆಂಡಿಗೆ ಸುಮಾರು ೨೪೦ ಕೋಟಿ ಇಲ್ಲವೆ ೫೦೦ ಕೋಟಿ ಸಲ ಕಂಪಿಸುತ್ತವೆ. ಅವುಗಳ ಉದ್ದ ಕ್ರಮವಾಗಿ ಸುಮಾರು ೧೨.೫ ಮತ್ತು ೬ ಸೆಂಟಿಮೀಟರ್. ದಪ್ಪನೆಯ ಗೋಡೆಗಳನ್ನು ಹಾಯುವಾಗ ಈ ಅಲೆಗಳು ಬಹಳವಾಗಿ ಕ್ಷೀಣಿಸುವುದರಿಂದ, ಮನೆಗೆ ಸಾಕಾಗುವ ಒಂದೇ ಪೆಟ್ಟಿಗೆ ಕಾಲೇಜಿಗೆ ಸಾಲದು. ಅಲ್ಲಲ್ಲಿ ಚಾವಣಿಗೆ ಆಕ್ಸೆಸ್ ಪಾಯಿಂಟ್ ಎಂಬ ಪುಟ್ಟ ರೇಡಿಯೊ ಪೆಟ್ಟಿಗೆಗಳನ್ನು ಜೋಡಿಸಬೇಕಾಗುತ್ತದೆ. ಯಾವ ಪೆಟ್ಟಿಗೆ ಯಾವ ಆವರ್ತದಲ್ಲಿ ಮಾತನಾಡಬೇಕು, ಯಾರನ್ನು ಒಳಬಿಡಬೇಕು ಎಂದು ಇವೆಲ್ಲಕ್ಕೂ ಅಪ್ಪಣೆ ಕೊಡುವ ಯಂತ್ರವೇ ನಿಯಂತ್ರಕ.

ನಮ್ಮಲ್ಲಿ ಇಂತಹ ೧೬ ಪೆಟ್ಟಿಗೆಗಳನ್ನೂ ಒಂದು ನಿಯಂತ್ರಕವನ್ನೂ ಎರಡು ದಿನ ಶ್ರಮಿಸಿ ಸಿದ್ಧಪಡಿಸಿದೆವು. ಸೋಮವಾರ ಬೆಳಗ್ಗೆ ವಿದ್ಯಾರ್ಥಿಗಳೆಲ್ಲರ ಫೋನುಗಳಿಗೂ ಜಾಲ ದೊರೆಯಿತು. ಭೌತಶಾಸ್ತ್ರದ ಪ್ರಯೋಗಶಾಲೆಗೆ ಇನ್ನೊಂದು ಪೆಟ್ಟಿಗೆಯನ್ನು ಸೇರಿಸುವುದಷ್ಟೇ ಉಳಿದಿತ್ತು. ಶುಕ್ರವಾರ ಅಲ್ಲಿ ಪ್ರಾಯೋಗಿಕ ಪರೀಕ್ಷೆ; ಅಂಕಗಳನ್ನು ಅಲ್ಲಿಂದಲೇ ಗಣಕದ ಮೂಲಕ ಕಳುಹಿಸಬೇಕು. ಲ್ಯಾಪ್‌ಟಾಪ್ ತೆರೆದು ನಿಯಂತ್ರಕದ ವಿಳಾಸವಾದ ೧೯೨.೧೬೮.೧.೧ ಎಂಬುದನ್ನು ಬರೆದೆವು. ಉತ್ತರವೇ ಇಲ್ಲ!

ಪ್ರಿನ್ಸಿಪಾಲರು ಬಂದು ನೋಡಿ, “ಹಿಂದುಗಡೆ ಸಣ್ಣ ರಂಧ್ರದಲ್ಲಿ ಒಂದು ಗುಂಡಿ ಇದೆಯಂತಲ್ಲ ಮೇಷ್ಟ್ರೇ, ಅದನ್ನು ಒತ್ತಿಬಿಡಿ. ಹೊಸದಾಗಿ ಶುರುಮಾಡಿದರಾಯಿತು” ಎಂದರು. ಅಟೆಂಡರು ಆಗಲೇ ಗುಂಡುಸೂಜಿಯೊಂದನ್ನು ತಂದು ನಿಂತಿದ್ದರು. ಆ ಗುಂಡಿಯನ್ನು ಒತ್ತಿದರೆ ಯಂತ್ರವು ಕಾರ್ಖಾನೆಯಿಂದ ಬಂದಂದಿನ ಸ್ಥಿತಿಗೆ ಮರಳುವುದು ನಿಜ. ಆದರೆ ೧೬ ಪೆಟ್ಟಿಗೆಗಳಿಗಾಗಿ ಬರೆದ ವಿವರಗಳೆಲ್ಲ ಅಳಿಸಿಹೋಗುತ್ತವೆ. “ನಾಳೆಯವರೆಗೆ ಅವಕಾಶ ಕೊಡಿ ಸರ್” ಎಂದು ಬೇಡಿಕೊಂಡೆವು.

ಯಂತ್ರ ಕೆಟ್ಟಿದೆಯೆ ಎಂಬುದು ಮೊದಲನೆಯ ಪ್ರಶ್ನೆ. ನಮ್ಮ ವ್ಯವಸ್ಥೆಯಲ್ಲಿ ಸಂದೇಶಗಳೆಲ್ಲ ನಿಯಂತ್ರಕದ ಮೂಲಕವೇ ಹಾಯುತ್ತವೆ. ವಿದ್ಯಾರ್ಥಿಗಳ ಫೋನುಗಳು ಕೆಲಸ ಮಾಡುತ್ತಿದ್ದುದರಿಂದ ಯಂತ್ರ ಸುಸ್ಥಿತಿಯಲ್ಲಿದೆಯೆಂಬುದು ಸಿದ್ಧವಾಯಿತು. ಹಾಗಾದರೆ ತಪ್ಪು ನಮ್ಮ ತಿಳಿವಳಿಕೆಯಲ್ಲಿಯೇ ಇರಬೇಕಷ್ಟೆ.

ಅದು ಎಲ್ಲಿದೆ ಎಂಬುದು ಎರಡನೆಯ ಪ್ರಶ್ನೆ. ೧೯೨.೧೬೮ ಎಂದು ಆರಂಭವಾಗುವ ವಿಳಾಸಗಳನ್ನು ೧೯೯೬ರ ಇಂಟರ್‌ನೆಟ್ ನಿಯಮಪತ್ರವೊಂದು ಖಾಸಗಿ ಜಾಲಗಳಿಗೆ ಮೀಸಲಿಟ್ಟಿದೆ. ತಯಾರಕರು ಇಂತಹದೊಂದನ್ನು ತಾತ್ಕಾಲಿಕವಾಗಿ ಕೊಟ್ಟಿರುತ್ತಾರೆ. ಪ್ರಥಮ ಸಿದ್ಧತೆ ಮುಗಿದೊಡನೆ ಯಂತ್ರವು ತಾನಾಗಿಯೇ ಪುನರಾರಂಭಗೊಂಡು, ಆ ವಿಳಾಸವನ್ನು ತ್ಯಜಿಸಿ, ನಾವು ಬರೆದುಕೊಟ್ಟ ಹೊಸ ವಿಳಾಸವನ್ನು ಧರಿಸುತ್ತದೆ. ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋದವರನ್ನು ಹಳೆಯ ಬಾಗಿಲಲ್ಲಿ ನಿಂತು ಕರೆದರೆ ಓಗೊಡುವವರು ಯಾರು? ಹೊಸ ವಿಳಾಸವನ್ನು ಬರೆದವರು ನಾವೇ. ಆದರೆ ಅದನ್ನು ಎಲ್ಲಿಯೂ ಗುರುತು ಹಾಕಿಕೊಂಡಿರಲಿಲ್ಲ.

ಅದೃಷ್ಟಕ್ಕೆ ಪ್ರತಿ ಯಂತ್ರಕ್ಕೂ ಎಲ್ಲಿಗೆ ಹೋದರೂ ಬದಲಾಗದ ಇನ್ನೊಂದು ಗುರುತಿರುತ್ತದೆ. ಅದು ೪೮ ಬಿಟ್ಟುಗಳ ಒಂದು ಸಂಖ್ಯೆ. ೪೮ ಬಿಟ್ಟುಗಳಿಂದ ಸುಮಾರು ೨೮೧ ಲಕ್ಷ ಕೋಟಿ ಬೇರೆಬೇರೆ ಗುರುತುಗಳನ್ನು ರಚಿಸಬಹುದು. ನಿಯಂತ್ರಕದ ತಳದ ಚೀಟಿಯಲ್ಲಿ ಈ ಸಂಖ್ಯೆ ಅಚ್ಚಾಗಿತ್ತು. ಯಾವ ಗುರುತಿನ ಯಂತ್ರ ಯಾವ ವಿಳಾಸದಲ್ಲಿದೆ ಎಂಬ ಪಟ್ಟಿಯನ್ನು ಕಾಲೇಜಿನ ರೌಟರ್ ಸದಾ ಇಟ್ಟುಕೊಂಡಿರುತ್ತದೆ. ಈ ಪದ್ಧತಿ ೧೯೮೨ರಷ್ಟು ಹಳೆಯದು. ಚೀಟಿಯನ್ನೂ ಪಟ್ಟಿಯನ್ನೂ ಹೋಲಿಸಿ ನೋಡಲಾಗಿ ೧೦.೨೦.೦.೫ ಎಂಬ ವಿಳಾಸ ದೊರೆಯಿತು.

ಆದರೂ ವೈ-ಫೈಯಲ್ಲಿದ್ದ ನಮ್ಮ ಲ್ಯಾಪ್‌ಟಾಪಿಗೆ ನಿಯಂತ್ರಕದ ಪುಟ ತೆರೆಯಲಿಲ್ಲ. ಯಾವ ದಾರಿಯಿಂದ ಹೋಗಬೇಕೆಂಬ ಮೂರನೆಯ ಪ್ರಶ್ನೆ ಆಗ ಎದುರಾಯಿತು. ಕೆಲವು ಬಗೆಯ ನಿಯಂತ್ರಕಗಳು ತಾವೇ ನಡೆಸುವ ನಿಸ್ತಂತು ಜಾಲದಿಂದ ಬಂದವರಿಗೆ ಆಡಳಿತದ ಬಾಗಿಲನ್ನು ತೆರೆಯುವುದಿಲ್ಲ. ಇದು ದೋಷವಲ್ಲ, ವಿವೇಕ. ತಂತಿ ಕಟ್ಟಡದೊಳಗೇ ಉಳಿಯುತ್ತದೆ. ರೇಡಿಯೊ ಅಲೆಗೆ ಕಾಂಪೌಂಡ್ ಗೋಡೆಯ ಹಂಗಿಲ್ಲ, ರಸ್ತೆಯಲ್ಲಿ ನಿಂತವನಿಗೂ ಅದು ಮುಟ್ಟೀತು. ತಂತಿಯಿಂದ ಸ್ವಿಚ್ಚಿಗೆ ಸೇರಿಸಿದ ಕೂಡಲೇ ಪುಟ ಕಾಣಿಸಿತು. ಆದರೆ ಬರೆದಿಟ್ಟಿದ್ದ ಪಾಸ್‌ವರ್ಡನ್ನು ಅದು ಮೂರು ಸಲವೂ ತಿರಸ್ಕರಿಸಿತು. ಸೊನ್ನೆಯನ್ನು ಇಂಗ್ಲಿಷಿನ ಓ ಅಕ್ಷರವೆಂದು ಬರೆದುಕೊಂಡಿದ್ದೆವೊ ಏನೋ!

ಇನ್ನುಳಿದದ್ದು ಕನ್ಸೋಲ್ ಎಂಬ ಕೊನೆಯ ಬಾಗಿಲು. ಯಂತ್ರದ ರಟ್ಟಿನ ಪೆಟ್ಟಿಗೆಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಚಪ್ಪಟೆ ಕೇಬಲ್ ಅದಕ್ಕಾಗಿಯೇ ಇದ್ದುದು. ಇದರಲ್ಲಿ ವಿಳಾಸವೂ ಇಲ್ಲ, ಜಾಲವೂ ಇಲ್ಲ. ಬಿಟ್ಟುಗಳು ಒಂದರ ಹಿಂದೊಂದು ಸಾಗುತ್ತವೆ. ಸೇರಿಸಿದಾಗ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡಿದುವು. ಎರಡು ಯಂತ್ರಗಳಿಗೂ ಸಮಾನವಾದ ಗಡಿಯಾರ ಈ ತಂತಿಯಲ್ಲಿಲ್ಲ. ಆದ್ದರಿಂದ ವೇಗವನ್ನು ಎರಡು ಕಡೆಯೂ ಮೊದಲೇ ಒಪ್ಪಿಕೊಂಡಿರಬೇಕು. ಲ್ಯಾಪ್‌ಟಾಪನ್ನು ಸೆಕೆಂಡಿಗೆ ೯೬೦೦ ಬಿಟ್ಟುಗಳಿಗೆ ಇಳಿಸಿದಾಗ ಅಕ್ಷರಗಳು ಸ್ಪಷ್ಟವಾದುವು. ಒಂದು ಅಕ್ಷರಕ್ಕೆ ೮ ಬಿಟ್ಟು, ಆರಂಭಕ್ಕೊಂದು, ಅಂತ್ಯಕ್ಕೊಂದು. ಒಟ್ಟು ಸೆಕೆಂಡಿಗೆ ೯೬೦ ಅಕ್ಷರಗಳು. ಇಂತಹ ಸಂಪರ್ಕದ ಆರ್‌ಎಸ್-೨೩೨ ಎಂಬ ನಿಯಮಾವಳಿ ಅಮೆರಿಕದಲ್ಲಿ ೧೯೬೦ರಲ್ಲಿ ರೂಪುಗೊಂಡಿತು. ವೈ-ಫೈಯ ಮೊದಲ ನಿಯಮಾವಳಿ ಹೊರಬಂದದ್ದು ೧೯೯೭ರಲ್ಲಿ. ಕಿರಿಯನ ಸಂಕಟಕ್ಕೆ ಹಿರಿಯನೇ ಒದಗಿದಂತಾಯಿತು.

ಯಂತ್ರದೊಡನೆ ಬಂದ ಕೈಪಿಡಿಯ ಪ್ರಕಾರ, ವಿದ್ಯುತ್ತನ್ನು ಆರಿಸಿ ಮತ್ತೆ ಕೊಟ್ಟ ಬಳಿಕ ಸ್ವಲ್ಪ ಹೊತ್ತು ಮಾತ್ರ, ಅದೂ ಕನ್ಸೋಲಿನಲ್ಲಿ ಮಾತ್ರ, ಹೊಸ ಪಾಸ್‌ವರ್ಡ್ ಕೊಡಲು ಅವಕಾಶವಿತ್ತು. ವಿದ್ಯುತ್ತು ಆರಿದರೆ ನಮ್ಮ ವಿವರಗಳು ಉಳಿದಾವೆ ಎಂಬ ಅಳುಕು ಬಾರದಿರಲಿಲ್ಲ. ಆದರೆ ಪ್ರಥಮ ಸಿದ್ಧತೆಯ ಕೊನೆಯಲ್ಲಿ ಯಂತ್ರವು ಎಲ್ಲವನ್ನೂ ಉಳಿಸಿಕೊಂಡೇ ಪುನರಾರಂಭಗೊಂಡುದನ್ನು ನಾವು ಕಂಡಿದ್ದೆವು. ಆಮೇಲೆ ನಾವೇನೂ ಬದಲಿಸಿರಲಿಲ್ಲ. ತರಗತಿಗಳು ಮುಗಿದ ಮೇಲೆ, ಸಂಜೆ ಆರು ಗಂಟೆಗೆ, ಧೈರ್ಯಮಾಡಿ ಸ್ವಿಚ್ ಆರಿಸಿದೆವು. ಮತ್ತೆ ಹಾಕಿ, ಹೊಸ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟೆವು. ಕೆಲವು ನಿಮಿಷಗಳಲ್ಲಿ ಚಾವಣಿಯ ಪೆಟ್ಟಿಗೆಗಳ ದೀಪಗಳು ಒಂದೊಂದಾಗಿ ಹೊತ್ತಿಕೊಂಡುವು. ಎಣಿಸಿದೆವು: ಹದಿನಾರೂ ಬಂದಿದ್ದುವು. ಅಟೆಂಡರು ಗುಂಡುಸೂಜಿಯನ್ನು ಕಾಗದದ ಕಟ್ಟಿಗೆ ಚುಚ್ಚಿಟ್ಟರು.

ಇಲ್ಲಿ ಓದುಗರು ಕೇಳಬಹುದು: ನಾವು ಹೀಗೆ ಒಳಹೊಕ್ಕಂತೆ ಬೇರೆಯವರೂ ಹೊಕ್ಕಬಹುದಲ್ಲವೆ? ನಿಶ್ಚಯವಾಗಿಯೂ ಹೌದು. ಯಂತ್ರವನ್ನು ಕೈಯಿಂದ ಮುಟ್ಟಬಲ್ಲವನೇ ಅದರ ಒಡೆಯನೆಂಬ ನಂಬಿಕೆಯ ಮೇಲೆ ಈ ಕೊನೆಯ ಬಾಗಿಲು ನಿಂತಿದೆ. ಆದುದರಿಂದ ಎಷ್ಟೇ ಜಟಿಲವಾದ ಪಾಸ್‌ವರ್ಡ್ ಇದ್ದರೂ, ನಿಯಂತ್ರಕವನ್ನು ತೆರೆದ ಮೇಜಿನ ಮೇಲಿಟ್ಟರೆ ಪ್ರಯೋಜನವಿಲ್ಲ.

ಮರುದಿನವೇ ನಿಯಂತ್ರಕವು ಬೀಗವುಳ್ಳ ಕಬ್ಬಿಣದ ಬೀರುವನ್ನು ಸೇರಿತು. ವಿವರಗಳ ಪ್ರತಿಯೊಂದನ್ನು ಬೇರೆ ಗಣಕದಲ್ಲಿ ಉಳಿಸಿದೆವು. ವಿಳಾಸವನ್ನೂ, ಯಾವ ಸ್ವಿಚ್ಚಿನ ಯಾವ ರಂಧ್ರಕ್ಕೆ ತಂತಿ ಸೇರಿಸಬೇಕೆಂಬುದನ್ನೂ ಪ್ರಯೋಗಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆದೆವು. ಪಾಸ್‌ವರ್ಡನ್ನು ಇಬ್ಬರು ಓದಿ ಸರಿನೋಡಿ, ಲಕೋಟೆಯಲ್ಲಿ ಮೊಹರು ಮಾಡಿ ಪ್ರಿನ್ಸಿಪಾಲರ ತಿಜೋರಿಯಲ್ಲಿಟ್ಟೆವು. ಶುಕ್ರವಾರದ ಪರೀಕ್ಷೆ ನಡೆದು, ಅಂಕಗಳು ಪ್ರಯೋಗಶಾಲೆಯಿಂದಲೇ ಹೋದುವು. ಆ ಚಪ್ಪಟೆ ಕೇಬಲ್ ಈಗ ಬೀರುವಿನೊಳಗಡೆ ಒಂದು ಮೊಳೆಗೆ ತೂಗುಹಾಕಿದೆ.